ಬಿಗಿ ಸಾಲದು

ಮೊನ್ನೆ ಹೂವಿನವಳು ದಾರದ ಬದಲು ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಕೊಟ್ಟಳು. ದಾರ ಮುಗಿದುಹೋಗಿತ್ತಂತೆ. ಮನೆಗೆ ಬಂದು ಎಲೆ ಬಿಚ್ಚಿದರೆ ಮಲ್ಲಿಗೆಗಿಂತ ಮೊದಲು ನೆನೆದ ನಾರಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಅರವತ್ತು ವರ್ಷದ ಮೇಲಾಯಿತು… ತೀರಿಹೋದವರ ಮೇಲೆ ಇಷ್ಟು ಕಾಲ ಕೋಪ ಇಟ್ಟುಕೊಂಡಿರುವುದು ಸರಿಯಲ್ಲ, ನನಗೂ ಗೊತ್ತು. ಆದರೆ ನಮ್ಮ ಮಾವನವರನ್ನು, ಅಂದರೆ ನನ್ನ ಗಂಡನ ತಂದೆಯನ್ನು, ಆಸ್ಪತ್ರೆಯಲ್ಲಿ ಒಂದು ದಿನ ನೋಡಿಕೊಂಡವರು ಯಾರಾದರೂ ಇದ್ದರೆ ಮುಂದೆ ಬರಲಿ, ಆಮೇಲೆ ನನಗೆ ಬುದ್ಧಿ ಹೇಳಲಿ.

ಅರಸೀಕೆರೆಯಲ್ಲಿ ನಮ್ಮದು ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ವ್ಯಾಪಾರವೆಲ್ಲ ನನ್ನ ಗಂಡನ ತಲೆಯ ಮೇಲೆ. ಮಾವನವರಿಗೆ ತೆಂಗೂ ಬೇಡ, ಕೊಬ್ಬರಿಯೂ ಬೇಡ. ಅವರಿಗೆ ಮಾವಿನ ಗಿಡಕ್ಕೆ ಕಸಿ ಕಟ್ಟುವುದೊಂದೇ ಹುಚ್ಚು. ಒಳ್ಳೆಯ ಜಾತಿಯ ಮರದ ಕೊಂಬೆಯ ಪಕ್ಕಕ್ಕೆ ಕುಂಡದಲ್ಲಿ ಬೆಳೆದ ಸಸಿ ತಂದಿಟ್ಟು, ಎರಡರ ಸಿಪ್ಪೆಯನ್ನೂ ಒಂದು ಗೇಣು ಹೆರೆದು, ಗಾಯಕ್ಕೆ ಗಾಯ ತಾಗಿಸಿ, ಬಾಳೆನಾರಿನಲ್ಲಿ ಬಿಗಿದು, ಮೇಲೆ ಸಗಣಿ ಮಣ್ಣು ಮೆತ್ತುವುದು. ಎರಡು ಮೂರು ತಿಂಗಳಾದ ಮೇಲೆ ಎರಡೂ ಬೆಸೆದುಕೊಂಡಿವೆ ಅಂತ ಗೊತ್ತಾದರೆ ಕೊಂಬೆಯನ್ನು ತಾಯಿಮರದಿಂದ ಕತ್ತರಿಸುವುದು. ಒಟ್ಟುಗಸಿ ಅಂತ ಅದರ ಹೆಸರು. ಬೇಲೂರು, ಹಳೇಬೀಡು, ಆ ಕಡೆ ಅರೇಹಳ್ಳಿಯವರೆಗೂ ಜನ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರು ಕಟ್ಟಿದ ಕಸಿ ಹೋಗಿದ್ದೇ ಇಲ್ಲ ಅಂತ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ಹೇಳುತ್ತಿದ್ದವರು ಅವರೇ.

ಗುಟ್ಟೆಲ್ಲ ಬಿಗಿಯಲ್ಲಿದೆ ಅನ್ನುವುದು ಅವರ ಸಿದ್ಧಾಂತ. ಕಟ್ಟು ಸಡಿಲವಾದರೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಕಸಿ ಕೂರುವುದಿಲ್ಲ. ಗಿಡದ ವಿಷಯ ಗಿಡಕ್ಕೆ ಇಟ್ಟುಕೊಂಡಿದ್ದರೆ ಯಾರಿಗೇನು? ಕೊಬ್ಬರಿ ಮೂಟೆ ಹೊಲಿದರೆ ಬಿಗಿ ಸಾಲದು. ತೊಟ್ಟಿಲ ಹಗ್ಗ ಬಿಗಿ ಸಾಲದು. ನಾನು ಜಡೆ ಹಾಕಿಕೊಂಡು ಬಂದರೆ ಅದಕ್ಕೂ, ಬಿಗಿ ಸಾಲದು ಕಣಮ್ಮ, ಸಂಜೆಗೆ ಬಿಚ್ಚಿಕೊಳ್ಳುತ್ತೆ. ಮದುವೆಯಾದ ಹೊಸತರಲ್ಲಿ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದೆ. ಮೂರು ವರ್ಷ ಕಳೆಯುವ ಹೊತ್ತಿಗೆ ಆ ಎರಡು ಪದ ಕೇಳಿದರೆ ಸಾಕು, ಕೈಯಲ್ಲಿರುವ ಪಾತ್ರೆ ಎತ್ತಿ ಹಾಕಬೇಕು ಅನ್ನಿಸುತ್ತಿತ್ತು.

ಕಾಲಿಗೆ ಪೆಟ್ಟಾದದ್ದೂ ಅವರ ಹೆಚ್ಚುಗಾರಿಕೆಯಿಂದಲೇ. ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಯಾರದೋ ತೋಟಕ್ಕೆ ಕಸಿ ಕಟ್ಟಲು ಹೋದವರು ಕಾಯಿ ತುಂಬಿದ ಗಾಡಿಯಲ್ಲಿ ವಾಪಸು ಬರುತ್ತಿದ್ದರಂತೆ. ಇಳಿಜಾರಿನಲ್ಲಿ ಗಾಡಿ ಹೊಡೆಯುವವನು ಕೂತಿರಿ ಗೌಡ್ರೇ ಅಂತ ಬಡಕೊಂಡರೂ ಕೇಳದೆ, ನಿನಗೆ ಎತ್ತು ಹಿಡಿಯೋಕೆ ಬರಲ್ಲ ಅಂದುಕೊಂಡು ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಡಲು ಹೋದರು. ಚಕ್ರ ಕಲ್ಲನ್ನು ಬಿಟ್ಟು ಅವರ ಎಡಗಾಲಿನ ಮೇಲೆ ಹತ್ತಿತು. ಮೂಳೆ ಮುರಿಯಲಿಲ್ಲ. ಆದರೆ ಮೊಣಕಾಲಿನ ಕೆಳಗಿನಿಂದ ಹರಡಿನವರೆಗೆ, ಮುಂಭಾಗದ ಚರ್ಮ ಮಾಂಸ ಎಲ್ಲ ಕಿತ್ತುಕೊಂಡು ಹೋಗಿ ಮೂಳೆ ಕಾಣುತ್ತಿತ್ತು.

ಒಂದೂವರೆ ತಿಂಗಳು ಊರಿನ ಡಾಕ್ಟರು ದಿನಾ ಬಂದು ಗಾಯ ತೊಳೆದು ಕಟ್ಟಿದರು. ಸುತ್ತಲಿನ ಮಾಂಸ ಕೆಂಪಾಗಿ ತುಂಬಿಕೊಂಡಿತು, ಮೂಳೆಯ ಮೇಲೆ ಮಾತ್ರ ಏನೂ ಬೆಳೆಯಲಿಲ್ಲ. ಬೆಳ್ಳಗೆ ಒಣಗಿಕೊಂಡು ಹಾಗೇ ಇತ್ತು. ಬರಿಯ ಮೂಳೆಯ ಮೇಲೆ ಚರ್ಮ ಬರೋದಿಲ್ಲ, ಹೀಗೇ ಬಿಟ್ಟರೆ ಮೂಳೆಗೆ ಕೀವು ಹತ್ತುತ್ತದೆ, ಮೊಣಕಾಲ ಕೆಳಗೆ ತೆಗೆಸಿಬಿಡಿ ಅಂದರು ಡಾಕ್ಟರು. ಮಾವನವರು ಗೋಡೆ ಕಡೆ ತಿರುಗಿ ಮಲಗಿದರು. ನನ್ನ ಗಂಡ ಗೋಗರೆದರು, ಮಠದಿಂದ ಸ್ವಾಮಿಗಳು ಹೇಳಿ ಕಳಿಸಿದರು, ನೆಂಟರು ಬಂದು ಬಂದು ಹೋದರು. ಊಹೂಂ. ಎರಡು ದಿನ ಊಟವನ್ನೂ ಬಿಟ್ಟರು.

ಕಾರಣ ಏನು ಅಂತ ಯಾರಿಗೂ ಹೇಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋಗಿ, ಕುಡಿಯದಿದ್ದರೆ ನಾನೂ ಕುಡಿಯಲ್ಲ, ಬಸುರಿ ಬಾಣಂತಿ ಅಂತಲೂ ನೋಡಬೇಡಿ ಅಂತ ರೇಗಿದೆ. ನಾನು ಬಸುರಿಯೂ ಅಲ್ಲ, ಬಾಣಂತಿಯೂ ಅಲ್ಲ. ಬಾಯಿಗೆ ಬಂದದ್ದು ಅಂದಿದ್ದೆ. ಅವರು ಗೋಡೆಯ ಕಡೆಗೇ ಮುಖ ಇಟ್ಟುಕೊಂಡು, "ಒಂಟಿ ಕಾಲಲ್ಲಿ ನನ್ನ ಗುಣಿಯೊಳಗೆ ಹೆಂಗೆ ಕೂರಿಸ್ತೀರಮ್ಮ?" ಅಂದರು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿಯೇ ಮಣ್ಣು ಮಾಡುವುದು. ದಿನಾ ಬೆಳಿಗ್ಗೆ ಪೂಜೆಗೆ ಕೂತ ಹಾಗೇ ಕೊನೆಗೂ ಕೂರಬೇಕು ಅನ್ನುವುದು ಅವರ ಆಸೆ. ಅದಕ್ಕೆ ಎರಡು ಕಾಲು ಬೇಕು. ಇದನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಮನೆಮಂದಿಯನ್ನೆಲ್ಲ ಗೋಳು ಹೊಯ್ದುಕೊಂಡದ್ದು ಯಾಕೆ? ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

ಆಮೇಲೆ ಯಾರೋ ಹೇಳಿ, ರೈಲು ಹತ್ತಿಸಿ ದೂರದ ಊರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಊರಿನ ಹೆಸರು ಬೇಡ ಬಿಡಿ. ಅಲ್ಲಿ ಪರದೇಶದಲ್ಲಿ ಕಲಿತು ಬಂದ ಒಬ್ಬ ಡಾಕ್ಟರು, ಇನ್ನೂ ಚಿಕ್ಕ ವಯಸ್ಸು, ಗಾಯ ನೋಡಿ ಒಂದು ಉಪಾಯ ಇದೆ ಅಂದರು. ಬಲಗಾಲಿನ ಮೀನಖಂಡದಿಂದ ಅಂಗೈಯಗಲದ ಚರ್ಮವನ್ನು ಒಳಗಿನ ಕೊಬ್ಬಿನ ಸಮೇತ ಮೂರು ಕಡೆ ಬಿಡಿಸುವುದು, ನಾಲ್ಕನೇ ಕಡೆ ಹಾಗೇ ಬಿಡುವುದು. ಬಿಡಿಸಿದ್ದನ್ನು ಬಾಗಿಲು ತೆರೆದ ಹಾಗೆ ತಿರುಗಿಸಿ ಎಡಗಾಲಿನ ಮೂಳೆಯ ಮೇಲೆ ಹೊಲಿಯುವುದು. ಮೂರು ವಾರ ಎರಡೂ ಕಾಲನ್ನು ಸೇರಿಸಿ ಪ್ಲಾಸ್ಟರು ಹಾಕಿಡುವುದು. ಅಷ್ಟು ದಿನ ಆ ಚರ್ಮ ಬಲಗಾಲಿನ ರಕ್ತದಲ್ಲಿ ಬದುಕುತ್ತದೆ. ಎಡಗಾಲಿನ ರಕ್ತ ಹರಿದು ಬರುವುದಕ್ಕೆ ಶುರುವಾದ ಮೇಲೆ ನಾಲ್ಕನೇ ಕಡೆಯನ್ನೂ ಕತ್ತರಿಸಿ ಕಾಲು ಬೇರೆ ಮಾಡುವುದು.

ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ, ಅಪಾಯ ಇಲ್ಲ ತಾನೇ ಅಂತ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಅಪಾಯ ಇದೆ, ಅರವತ್ತು ದಾಟಿದ ವಯಸ್ಸು, ಚರ್ಮ ಕಪ್ಪಾಗಿ ಸತ್ತರೆ ಎಡಗಾಲು ತೆಗೆಯಲೇಬೇಕು, ಬಲಗಾಲಿನಲ್ಲೂ ಒಂದು ದೊಡ್ಡ ಗಾಯ ಉಳಿಯುತ್ತದೆ, ಕೀಲು ಹಿಡಿದುಕೊಂಡರೂ ಹಿಡಿದುಕೊಂಡಿತು ಅಂದರು.  ಒಂದು ಕಾಲು ಉಳಿಸೋಕೆ ಹೋಗಿ ಎರಡನ್ನೂ ಕೆಡಿಸಿಕೊಳ್ಳುವುದೇ ಅಂತ ನನಗೆ ದಿಗಿಲಾಯಿತು. ಆಗ ಪಕ್ಕದಲ್ಲಿದ್ದ ಕಾಂಪೌಂಡರು, ಮುದುಕರಿಗೆ ಅರ್ಥವಾಗಲಿಲ್ಲವೇನೋ ಅಂದುಕೊಂಡು, ಒಂಥರಾ ಕಸಿ ಯಜಮಾನ್ರೇ ಅಂದುಬಿಟ್ಟ.

ಮಾವನವರು ಮಂಚದ ಮೇಲೆ ಎದ್ದು ಕೂತರು. "ಒಟ್ಟುಗಸಿ!" ಅಂದರು. ಮುಖ ಅರಳಿಹೋಯಿತು. ಎರಡು ಬೇರಿನ ಮೇಲೂ ಇಟ್ಟು ಬೆಸೆಯೋದು, ಆಮೇಲೆ ತಾಯಿಯಿಂದ ಬಿಡಿಸೋದು, ಇದನ್ನು ಮೊದಲೇ ಹೇಳಬಾರದಿತ್ತೇ ಅಂತ ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡರು. ಊರೆಲ್ಲ ಸೇರಿ ಅಲ್ಲಾಡಿಸಲು ಆಗದವರು ಒಂದು ಪದಕ್ಕೆ ಹೆಬ್ಬೆಟ್ಟು ಒತ್ತಿದರು. ಓದು ಬರಹ ಬರುತ್ತಿತ್ತು, ಸಂಭ್ರಮದಲ್ಲಿ ಸಹಿ ಹಾಕುವುದನ್ನೇ ಮರೆತಿದ್ದರು.

ಆಪರೇಷನ್ನು ಚೆನ್ನಾಗಿಯೇ ಆಯಿತು. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು, ಗಂಡನಿಗೆ ವ್ಯಾಪಾರ ಬಿಟ್ಟು ಇರುವ ಹಾಗಿಲ್ಲ. ಹಾಗಾಗಿ ಎರಡು ವರ್ಷದ ಮಗಳನ್ನು ಬೇಲೂರಿನ ತವರುಮನೆಯಲ್ಲಿ ಬಿಟ್ಟು, ಮಾವನವರ ಮಂಚದ ಪಕ್ಕ ಚಾಪೆ ಹಾಕಿಕೊಂಡು ಕೂತವಳು ನಾನು. ಅವರ ಎರಡೂ ಕಾಲು ಒಂದರ ಮೇಲೊಂದು ಅಡ್ಡವಾಗಿ ಪ್ಲಾಸ್ಟರಿನಲ್ಲಿ ಸಿಕ್ಕಿಕೊಂಡಿದ್ದವು. ಹೊರಳುವ ಹಾಗಿಲ್ಲ. ನೀರಿಗೂ ನಾನೇ, ಊಟಕ್ಕೂ ನಾನೇ, ಬೆನ್ನು ತುರಿಸುವುದಕ್ಕೂ ನಾನೇ. ಅದಕ್ಕೆಲ್ಲ ನಾನು ಬೇಸರಪಟ್ಟವಳಲ್ಲ. ಮಾತು, ಆ ಮಾತು ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಕಸಿ ಕೂತ ಜಾಗದಲ್ಲಿ ಪ್ಲಾಸ್ಟರಿಗೆ ಕಿಟಕಿ ಥರ ಒಂದು ಕಿಂಡಿ ಬಿಟ್ಟಿದ್ದರು. ಅದರ ಮೇಲೆ ಹತ್ತಿ, ಅದರ ಮೇಲೆ ತೆಳ್ಳಗೆ ಒಂದು ಪಟ್ಟಿ. ನರ್ಸು ಹೊತ್ತುಹೊತ್ತಿಗೆ ಬಂದು ಅದನ್ನು ಸರಿಸಿ, ಚರ್ಮವನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಒತ್ತಿದಾಗ ಬಿಳುಚಿ, ಬಿಟ್ಟಾಗ ಮತ್ತೆ ನಸುಗೆಂಪಾದರೆ ರಕ್ತ ಆಡುತ್ತಿದೆ ಅಂತ ಅರ್ಥ. ಮೊದಲ ದಿನವೇ ಡಾಕ್ಟರು ನನ್ನನ್ನು ಕರೆದು, ಆ ಪಟ್ಟಿಯನ್ನು ಯಾರೂ ಮುಟ್ಟಬಾರದು, ಅದು ಹಗುರವಾಗಿಯೇ ಇರಬೇಕು ಅಂದಿದ್ದರು. ನಾನು ತಲೆಯಾಡಿಸಿದ್ದೆ. ಚೆನ್ನಾಗಿ ನೆನಪಿದೆ, ತಲೆಯಾಡಿಸಿದ್ದೆ…

ಮಾವನವರ ಕಣ್ಣು ಆ ಪಟ್ಟಿಯ ಮೇಲೇ. ಎರಡನೇ ದಿನದಿಂದ ಶುರು. ಸಡಿಲ ಐತೆ. ಗಾಳಿ ಹೋಗ್ತೈತೆ. ಇವರು ಪುಸ್ತಕ ಓದಿರಬೌದು, ಕಸಿ ಕಟ್ಟಿ ಗೊತ್ತಿಲ್ಲ. ನರ್ಸಿಗೆ ಹೇಳಿದರು, ಅವಳು ನಕ್ಕಳು. ಡಾಕ್ಟರಿಗೆ ಹೇಳಿದರು, ಅವರು ಗಿಡ ಬೇರೆ ಮನುಷ್ಯ ಬೇರೆ ಯಜಮಾನ್ರೇ, ಬಿಗಿದರೆ ರಕ್ತ ನಿಲ್ಲುತ್ತೆ ಅಂತ ಸಮಾಧಾನವಾಗಿ ವಿವರಿಸಿದರು. ಡಾಕ್ಟರು ಅತ್ತ ಹೋದ ಮೇಲೆ ಇತ್ತ ನನ್ನ ಹತ್ತಿರ, ಬಿಗಿ ಸಾಲದು. ಗಂಜಿ ಕುಡಿಸಿದರೆ ಬಿಗಿ ಸಾಲದು. ವಿಭೂತಿ ಹಚ್ಚಿದರೆ ಬಿಗಿ ಸಾಲದು. ಪಕ್ಕದ ಮಂಚಗಳ ರೋಗಿಗಳು ಕೂಡ ನಾನು ಬಂದರೆ, ಏನಮ್ಮಾ, ಇವತ್ತು ಬಿಗಿ ಸಾಕಾಯ್ತಾ ಅಂತ ತಮಾಷೆ ಮಾಡೋರು.

ಒಂಬತ್ತನೇ ದಿನ ತವರಿನಿಂದ ಕಾಗದ ಬಂತು. ಮಗಳಿಗೆ ಜ್ವರ, ಮೈಮೇಲೆ ಗುಳ್ಳೆ ಎದ್ದಿದೆ, ಅಮ್ಮಾ ಅಮ್ಮಾ ಅಂತ ಕನವರಿಸುತ್ತಾಳೆ ಅಂತ ನಮ್ಮಮ್ಮ ಬರೆಸಿದ್ದರು. ಓದಿ ಮುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದೇನೆ. ಮಧ್ಯಾಹ್ನದ ಹೊತ್ತು, ನರ್ಸು ಊಟಕ್ಕೆ ಹೋಗಿದ್ದಾಳೆ, ಪಕ್ಕದ ಮಂಚದವರೆಲ್ಲ ನಿದ್ದೆಯಲ್ಲಿದ್ದಾರೆ. ಮಾವನವರು ಏನು ಬರೆದಿದ್ದಾರೆ ಅಂತ ಕೇಳಲಿಲ್ಲ. ಮೊಮ್ಮಗಳು ಹೇಗಿದ್ದಾಳೆ ಅಂತ ಕೇಳಲಿಲ್ಲ. "ಇವತ್ತು ತೀರಾ ಸಡಿಲ ಐತೆ ಕಣಮ್ಮ. ಒಂದು ಗಂಟು ಬಿಗಿ ಮಾಡು, ನನ್ನ ಕಾಲು ಉಳೀಲಿ," ಅಂದರು.

ತಗೊಳ್ಳಿ ನಿಮ್ಮ ಬಿಗಿ ಅಂತ ಎದ್ದೆ. ಪಟ್ಟಿ ಬಿಚ್ಚಿ, ಎರಡು ಸುತ್ತು ಹೆಚ್ಚಿಗೆ ಸುತ್ತಿ, ಮೂಟೆ ಬಾಯಿ ಕಟ್ಟುವ ಹಾಗೆ ಎಳೆದು ಎರಡು ಗಂಟು ಹಾಕಿದೆ. ಅವರ ಬಾಯಿ ಮುಚ್ಚಿಸಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಡಾಕ್ಟರ ಮಾತು ನೆನಪಿಗೆ ಬರಲಿಲ್ಲವೇ ಅಂದರೆ, ಬಂತು. ಬಂದರೂ ಎಳೆದೆ. ಮಾವನವರು ಒಂದು ಉಸಿರು ಬಿಟ್ಟು, ಈಗ ಸರಿ ಅಂದು ಕಣ್ಣು ಮುಚ್ಚಿದರು. ಒಂಬತ್ತು ದಿನದಲ್ಲಿ ಮೊದಲ ಸಲ ವಾರ್ಡಿನಲ್ಲಿ ಅವರ ದನಿ ಕೇಳಿಸಲಿಲ್ಲ. ನಾನೂ ಚಾಪೆಯ ಮೇಲೆ ಬಿದ್ದು ನಿದ್ದೆ ಹೋದೆ.

ಸಂಜೆ ಬಂದವಳು ಹೊಸ ನರ್ಸು. ಕಟ್ಟು ಅಚ್ಚುಕಟ್ಟಾಗಿದೆ ಅಂತ ಬಿಚ್ಚದೆ ಹೋದಳು, ರಾತ್ರಿಯೂ ಹಾಗೇ ಮಾಡಿದಳು. ಬೇಡ, ಬಿಚ್ಚಿ ನೋಡಿ ಅಂತ ಹೇಳಬೇಕಾದವಳು ನಾನು, ಬೈಸಿಕೊಳ್ಳುವ ಹೆದರಿಕೆಗೆ ಸುಮ್ಮನಿದ್ದೆ. ಆ ಕಾಲು ಜೋಮು ಹಿಡಿದಿತ್ತೇನೋ, ಮಾವನವರಿಗೂ ನೋವು ಗೊತ್ತಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಡಾಕ್ಟರು ಬಂದು ಕಿಂಡಿಯ ಪಟ್ಟಿ ನೋಡಿದರು.  ಕತ್ತರಿಯಲ್ಲಿ ಸರಸರ ಕತ್ತರಿಸಿದರು. ಒಳಗೆ ನೇರಳೆ ಹಣ್ಣಿನ ಬಣ್ಣ. ಒತ್ತಿದರು, ಬಿಳುಚಲೂ ಇಲ್ಲ, ಕೆಂಪಾಗಲೂ ಇಲ್ಲ.

"ಯಾರು ಇದನ್ನ ಕಟ್ಟಿದ್ದು?" ಅಂದರು ಡಾಕ್ಟರು.

ನಾನು ಬಾಯಿ ತೆರೆದೆ. ಖಂಡಿತ ತೆರೆದೆ. ಅಷ್ಟರಲ್ಲಿ ಮಾವನವರು, "ನಾನೇ," ಅಂದರು. ಮಲಗಿದ್ದವರಿಗೆ ಅಲ್ಲಿಗೆ ಕೈ ಹೇಗೆ ಎಟುಕಿತು ಅಂತ ಡಾಕ್ಟರು ಕೇಳಿದ್ದಕ್ಕೆ, ಕೊಂಬೆ ಮೇಲೆ ಬಗ್ಗಿ ಬಗ್ಗಿ ಕಟ್ಟಿದ ಮೈ ಸ್ವಾಮಿ, ಎಟುಕಿತು ಅಂದರು. ಡಾಕ್ಟರು ನಂಬಿದರು. ಯಾಕೆ ನಂಬುವುದಿಲ್ಲ? ಎಂಟು ದಿನದಿಂದ ಅವರ ಬಾಯಲ್ಲೇ ಕೇಳಿದ್ದರಲ್ಲ. ಆ ಚಿಕ್ಕ ವಯಸ್ಸಿನ ಡಾಕ್ಟರು ವಾರ್ಡಿನ ಮಂದಿಯ ಮುಂದೆ, ನಿಮ್ಮ ತಲೆಯಲ್ಲಿರೋದು ಮಿದುಳೋ ಸಗಣಿ ಮಣ್ಣೋ ಅಂತ ಬೈದರು. ಯಾರ ಒಂದು ಮಾತನ್ನೂ ಸಹಿಸದ ಮನುಷ್ಯ, ನಮ್ಮ ಮಾವನವರು, ತಪ್ಪಾಯ್ತು ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಆರು ದಿನದಲ್ಲಿ ಆ ಚರ್ಮ ಪೂರ್ತಿ ಕಪ್ಪಾಯಿತು. ಕಾಲು ಬೇರೆ ಮಾಡಿದರು. ಮೂಳೆಗೆ ಕೀವು ಹತ್ತಿ ಜ್ವರ ಏರಿದಾಗ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಬಲಗಾಲಿನ ಹಳ್ಳಕ್ಕೆ ತೊಡೆಯ ತೆಳುಚರ್ಮ ಹಾಕಿ ಮುಚ್ಚಿದರು, ಅದೇನೋ ವಾಸಿಯಾಯಿತು. ಮಗಳಿಗೂ ಗುಳ್ಳೆ ಬಾಡಿ ಜ್ವರ ಬಿಟ್ಟಿತ್ತು, ನಾನು ಹೋಗಿ ನೋಡುವ ಹೊತ್ತಿಗೆ ಆಡಿಕೊಂಡಿದ್ದಳು.

ಅರಸೀಕೆರೆಗೆ ವಾಪಸಾದ ಮೇಲೆ ಕಥೆ ನಮಗಿಂತ ಮುಂಚೆ ಊರು ತಲುಪಿತ್ತು. ಕಸಿ ಕಟ್ಟೋ ಗೌಡರು ಡಾಕ್ಟರಿಗೇ ಬುದ್ಧಿ ಹೇಳೋಕೆ ಹೋಗಿ ತಮ್ಮ ಕಾಲನ್ನ ತಾವೇ ಕಳಕೊಂಡರು. ಮನೆಗೆ ಬಂದವರು ಮರುಗುವ ಮುಖ ಮಾಡಿ, ಬೀದಿಗೆ ಹೋಗಿ ನಗುತ್ತಿದ್ದರು. ನನ್ನ ಗಂಡನೂ ಬೇಜಾರಾದಾಗ ಅಪ್ಪನ ಮುಖಕ್ಕೆ ಅದನ್ನೇ ಅನ್ನುತ್ತಿದ್ದರು. ಕಸಿಗೆ ಕರೆಯುವವರು ಕಡಿಮೆಯಾದರು. ನಾನು ಅಡುಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಸೌಟು ಆಡಿಸುತ್ತಿದ್ದೆ. ಒಂದೆರಡು ಸಲ ಬೇರೆಯವರ ಜೊತೆ ನಕ್ಕಿದ್ದೂ ಉಂಟು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ನಕ್ಕಿದ್ದೆ.

ವರ್ಷ ಕಳೆದ ಮೇಲೆ ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಮಾವನವರು ಜಗಲಿಯಲ್ಲಿ ಕೂತು ಬಾಳೆನಾರು ಸೀಳುತ್ತಿದ್ದರು. ತಡೆಯಲಾರದೆ ಕೇಳಿಯೇಬಿಟ್ಟೆ, ಡಾಕ್ಟರ ಮುಂದೆ ಯಾಕೆ ಹಾಗೆ ಹೇಳಿದಿರಿ, ಕಟ್ಟಿದವಳು ನಾನಲ್ಲವೇ, ನನ್ನಿಂದ ತಾನೇ ಕಾಲು ಹೋದದ್ದು ಅಂತ. ಅವರು ನಾರು ಸೀಳುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ನೀನು ಕಟ್ಟಿದ್ದರಿಂದ ಎಲ್ಲಿ ಹೋಯ್ತು? ನಿನ್ನ ಕೈಯಾಗೆ ಬಿಗಿ ಎಲ್ಲೈತೆ? ಇನ್ನೊಂದು ಸುತ್ತು ಬಿಗಿದಿದ್ರೆ ಕಸಿ ಕೂರ್ತಿತ್ತು," ಅಂದರು.

ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಕ್ಷಮೆ ಕೇಳಲು ಹೋದವಳಿಗೆ ಗಂಟು ಹಾಕಲು ಬರುವುದಿಲ್ಲ ಅಂತ ಬೈಗುಳ. ಅವರು ನಿಜವಾಗಿ ಹಾಗೇ ನಂಬಿದ್ದರೋ, ನನ್ನ ಎದೆಯ ಮೇಲಿನ ಭಾರ ಇಳಿಸಲು ಹಾಗೆ ಅಂದರೋ… ಇವತ್ತಿಗೂ ನನಗೆ ಗೊತ್ತಿಲ್ಲ. ನಂಬಿದ್ದರು ಅನ್ನಲು ಅವರ ಹಠವೇ ಸಾಕ್ಷಿ. ನಂಬಿರಲಿಲ್ಲ ಅನ್ನಲು, ಆ ದಿನದಿಂದ ಸಾಯುವವರೆಗೆ ನನ್ನ ಮುಂದೆ ಆ ಎರಡು ಪದವನ್ನು ಅವರು ಮತ್ತೆ ಆಡಲಿಲ್ಲ. ತೊಟ್ಟಿಲ ಹಗ್ಗಕ್ಕೂ ಇಲ್ಲ, ಜಡೆಗೂ ಇಲ್ಲ.

ಆರು ವರ್ಷಕ್ಕೆ ತೀರಿಕೊಂಡರು. ಹಜಾರದ ಗೋಡೆಗೆ ಒರಗಿಸಿ ಕೂರಿಸುವಾಗ ಬಲಗಾಲು ಮಡಚಿತು, ಎಡಗಡೆ ಮಡಚಲು ಏನೂ ಇರಲಿಲ್ಲ. ಮೈ ಆ ಕಡೆಗೆ ವಾಲುತ್ತಿತ್ತು. ನನ್ನ ಗಂಡ ಒಂದು ಪಂಚೆಯನ್ನು ಮಡಚಿ ಸುತ್ತಿ, ಕಾಲಿರಬೇಕಾದ ಜಾಗದಲ್ಲಿ ಇಟ್ಟು, ಮೇಲೆ ಮಡಿ ಹೊದಿಸಿದರು. ನೋಡಿದವರಿಗೆ ಪದ್ಮಾಸನದ ಹಾಗೇ ಕಾಣುತ್ತಿತ್ತು. ನಾನು ಹೂವು ಹಾಕಲು ಬಗ್ಗಿದವಳು ಆ ಪಂಚೆಯ ಸುರುಳಿಯನ್ನು ಮುಟ್ಟಿ ನಮಸ್ಕಾರ ಮಾಡಿದೆ.

ಆಮೇಲೆ ಎಷ್ಟೋ ಡಾಕ್ಟರುಗಳನ್ನು ಕೇಳಿದ್ದೇನೆ. ಮಂಡಿ ನೋವಿಗೆ ಹೋದರೂ, ಕಣ್ಣು ತೋರಿಸಲು ಹೋದರೂ ಕೊನೆಗೆ ಅದೇ ಪ್ರಶ್ನೆ, ಆ ಕಟ್ಟು ಬಿಗಿಯದಿದ್ದರೆ ಕಾಲು ಉಳಿಯುತ್ತಿತ್ತೇ ಅಂತ. ಈಗೇನು, ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂದಲಿನಂಥ ದಾರದಲ್ಲಿ ರಕ್ತನಾಳವನ್ನೇ ಹೊಲಿಯುತ್ತಾರಂತೆ, ಕಾಲಿಗೆ ಕಾಲು ಕಟ್ಟಿಹಾಕುವುದು ಅಪರೂಪವಂತೆ. ಆ ಕಾಲಕ್ಕೆ, ಆ ವಯಸ್ಸಿಗೆ, ಬಿಗಿಯದಿದ್ದರೂ ಹೋಗುವ ಸಂಭವ ಇತ್ತು, ಹೇಳೋಕಾಗಲ್ಲಮ್ಮ ಅನ್ನುತ್ತಾರೆ. ಎಲ್ಲರದೂ ಅದೇ, ಹೇಳೋಕಾಗಲ್ಲಮ್ಮ. ಇಷ್ಟು ಓದಿದವರು ಹೌದು ಅಥವಾ ಇಲ್ಲ ಅಂತ ಒಂದು ಮಾತು ಹೇಳಬಾರದೇ?

ಹೋದ ತಿಂಗಳು ಮನೆಯಲ್ಲಿ ಮರಿಮಗುವಿನ ನಾಮಕರಣ. ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ನನ್ನ ಮೊಮ್ಮಗ ಹೊಸ ಬೀಗರಿಗೆ ಈ ಕಥೆ ಶುರುಮಾಡಿದ. ನಮ್ಮ ಮುತ್ತಾತ ಮಂಚದ ಮೇಲೆ ಹೇಗೆ ಬಗ್ಗಿ ಬಗ್ಗಿ ತನ್ನ ಕಾಲಿಗೆ ತಾನೇ ಗಂಟು ಹಾಕಿಕೊಂಡ ಅಂತ ಮಾಡಿ ತೋರಿಸಿದ. ಅವನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಸತ್ತವರನ್ನು ಕಣ್ಣಾರೆ ಕಂಡವನ ಹಾಗೆ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಎಲ್ಲಿತ್ತೋ ಅಷ್ಟು ದನಿ, "ನಿಲ್ಲಿಸೋ. ಕಟ್ಟಿದ್ದು ನಾನು," ಅಂದೆ.

ಬೀಗರ ನಗು ನಿಂತಿತು. ಆಮೇಲೆ ನನ್ನ ಮಗಳು, ಆವತ್ತು ಜ್ವರದಲ್ಲಿ ಮಲಗಿದ್ದವಳು, ನನ್ನ ಭುಜದ ಮೇಲೆ ಕೈಯಿಟ್ಟು ಬೀಗರ ಕಡೆ ನಕ್ಕಳು. ನಮ್ಮಮ್ಮ ಹೀಗೇ, ತಾತನನ್ನು ಯಾರಾದರೂ ಆಡಿಕೊಂಡರೆ ತಾನು ಅಡ್ಡ ಬಂದು ನಿಲ್ಲುತ್ತಾಳೆ, ಅಷ್ಟು ಅಭಿಮಾನ ಅಂದಳು. ಇಲ್ಲ ಕಣೇ, ನಿಜವಾಗಿ ನಾನೇ ಅಂತ ಮತ್ತೆ ಹೇಳಿದೆ. ಕಾಗದ ಬಂದದ್ದು, ಸಿಟ್ಟು ಬಂದದ್ದು, ಎರಡು ಗಂಟು ಹಾಕಿದ್ದು, ಎಲ್ಲ ಹೇಳಿದೆ. ಮೊಮ್ಮಗ, ಆಯ್ತಜ್ಜಿ, ನೀವೇ ಕಟ್ಟಿದ್ದು ಬಿಡಿ ಅಂತ ಕಣ್ಣು ಮಿಟುಕಿಸಿ ಕಾಫಿ ತರಲು ಎದ್ದ.

ಅವರು ಒಂದು ಸಲ ಹೇಳಿದ ಸುಳ್ಳನ್ನು ಎಲ್ಲರೂ ನಂಬಿದರು. ನಾನು ಎಷ್ಟು ಸಲ ಹೇಳಿದರೂ ಈ ನಿಜವನ್ನು ನಂಬುವವರಿಲ್ಲ. ನನ್ನ ಮಾತಿಗೆ ಸಾಕ್ಷಿ ಅಂತ ಈ ಭೂಮಿಯ ಮೇಲೆ ಇದ್ದವರು ಅವರೊಬ್ಬರೇ. ಅವರು ಬದುಕಿದ್ದು ಆ ಜಗಲಿಯಲ್ಲೇ ಕೂತಿದ್ದರೆ ಹೌದು ಅನ್ನುತ್ತಿದ್ದರೇ? ಎಲ್ಲಿ ಬಂತು… ನನ್ನ ಮುಖ ನೋಡಿಕೊಂಡೇ, ಇಲ್ಲ ಅನ್ನುತ್ತಿದ್ದರು.